ತಲೆಯ ಮೇಲಿನ ಗೂಡು

ವಿಮಾನದ ಹಿಂಬಾಗಿಲಿನ ಮೆಟ್ಟಿಲ ಬುಡದಲ್ಲಿ ಸಾಲು ನಿಂತಾಗ, ಹಿಂದಿದ್ದವರೆಲ್ಲ ತನ್ನ ಕೈಚೀಲವನ್ನೇ ನೋಡುತ್ತಿದ್ದಾರೆ ಎಂದು ಯುಂಗ್‌ಶುಗೆ ಅನ್ನಿಸಿತು. ತಿರುಗಿ ನೋಡಿದರೆ ತನಗೆ ಅಳುಕಿದೆ ಎಂದು ಅವರಿಗೆ ತಿಳಿದುಬಿಡುತ್ತದೆ, ಆದ್ದರಿಂದ ತಿರುಗಲಿಲ್ಲ. ಮಂಜು ಆಗಷ್ಟೇ ಹರಿದಿತ್ತು. ಬೆಳಗಿನಿಂದ ಕಿನ್‌ಮೆನ್ ನಿಲ್ದಾಣದಲ್ಲಿ ಕೂತು ಬೇಸತ್ತಿದ್ದ ಜನ. ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆಂದು ದ್ವೀಪಕ್ಕೆ ಬಂದು ಈಗ ತೈಪೇಗೆ ಮರಳುತ್ತಿರುವವರು. ಎಲ್ಲರ ಕೈಯಲ್ಲೂ ಕಡಲೆಮಿಠಾಯಿಯ ಕೆಂಪು ಚೀಲ, ಬಗಲಲ್ಲಿ ಜೋಳದ ಸಾರಾಯಿಯ ಪೆಟ್ಟಿಗೆ. ಅವನ ಕೈಯಲ್ಲಿ ಮಾತ್ರ ಒಂದು ಕಪ್ಪು ಬಟ್ಟೆಯ ಚೀಲ, ಅದರೊಳಗೆ ಮೂರು ಚಿಟಿಕೆ ಬೂದಿಯಿದ್ದ ಅಂಗೈಯಗಲದ ಪಿಂಗಾಣಿ ಬಟ್ಟಲು, ಬಟ್ಟಲಿಗೆ ಸುತ್ತಿದ ಕೆಂಪು ಬಟ್ಟೆ. ಅಪ್ಪ ಆ ಬಟ್ಟಲಿನಲ್ಲಿದ್ದ. ಅಥವಾ ಇರಲಿಲ್ಲ. ಅಣ್ಣ ಹೇಳಿಕೊಟ್ಟದ್ದು ಸ್ಪಷ್ಟವಾಗಿತ್ತು: ಬಾಗಿಲು, ಮೆಟ್ಟಿಲು, ನೀರು ಬಂದಲ್ಲೆಲ್ಲ ಕರೆಯಬೇಕು. ಕರೆದವರ ಹಿಂದೆ ಹಿರಿಯರು ಬರುತ್ತಾರೆ, ಕರೆಯದಿದ್ದರೆ ನಿಂತಲ್ಲೇ ನಿಲ್ಲುತ್ತಾರೆ. "ಮನಸ್ಸಲ್ಲೇ ಅಂದ್ಕೊಂಡ್ರೆ ಆಗಲ್ಲ ಮತ್ತೆ. ಗಟ್ಟಿಯಾಗಿ ಕರಿ. ಅಪ್ಪಂಗೆ ಎಡಗಿವಿ ಕೇಳ್ತಿರ್ಲಿಲ್ಲ, ಮರ್ತುಬಿಟ್ಟಿದೀಯೋ ಏನೋ" ಎಂದಿದ್ದ ಅಣ್ಣ. ಆ ಕಡೆಯ ಮಾತು ಬೇಕಿರಲಿಲ್ಲ. ಯುಂಗ್‌ಶು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಬಾಯಿ ತೆರೆದ. ಮೇಲೆ ಬಾಗಿಲಲ್ಲಿ ಗಗನಸಖಿ ನಗುತ್ತ ನಿಂತಿದ್ದಳು. 'ಅಪ್ಪಾ, ಮೆಟ್ಟಿಲು' ಎಂಬುದು ಗಂಟಲಲ್ಲೇ ಉಳಿದು ಕೆಮ್ಮಾಗಿ ಹೊರಬಂತು. ಅವಳು "ನಮಸ್ಕಾರ ಸರ್" ಎಂದಳು. ಅವನೂ ನಮಸ್ಕಾರ ಎಂದ.

ಅವನ ಸೀಟು ನಡುದಾರಿಯ ಪಕ್ಕದ್ದು. ಕಿಟಕಿಯ ಕಡೆ ಒಬ್ಬ ಅಜ್ಜಿ ಆಗಲೇ ಬೆಲ್ಟು ಬಿಗಿದು ಕೂತಿದ್ದಳು. ತಲೆಯ ಮೇಲಿನ ಲಗೇಜಿನ ಗೂಡು ತೆರೆದೇ ಇತ್ತು. ಒಳಗೆ ಅಜ್ಜಿಯ ಶಾವಿಗೆಯ ಡಬ್ಬಿಯೊಂದೇ ಒಂದು ಮೂಲೆಯಲ್ಲಿತ್ತು. ಯುಂಗ್‌ಶು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ನಟ್ಟನಡುವೆ ಇಟ್ಟ, ಸುತ್ತ ಒಂದು ಗೇಣು ಜಾಗ ಬಿಟ್ಟ. ಹಿರಿಯರನ್ನು ಕಾಲ ಬಳಿ ಇಡುವಂತಿಲ್ಲ, ಅವರ ಮೇಲೆ ಏನನ್ನೂ ಹೇರುವಂತಿಲ್ಲ. ಇಡೀ ವಿಮಾನದಲ್ಲಿ ಮನುಷ್ಯರ ತಲೆಗಿಂತ ಎತ್ತರದ ಜಾಗ ಅದೊಂದೇ. ಅಷ್ಟಾದರೂ ಸರಿಯಾಗಿ ಮಾಡಿದೆನಲ್ಲ ಎಂದು ಕೂರುವಷ್ಟರಲ್ಲಿ ಟೋಪಿಯವನೊಬ್ಬ ಬಂದ. ಒಂದು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡು ಕೈಯಲ್ಲಿ ಎರಡು ಸಾರಾಯಿ ಪೆಟ್ಟಿಗೆ ಹಿಡಿದು, ಮಾತಾಡುತ್ತಲೇ ಇದ್ದ. "ಹೂಂ, ಇಲ್ಲೇ ಇದಾನೆ. ನನ್ ಕಣ್ಮುಂದೇನೇ ಹತ್ತಿದ. ಇಲ್ಲ, ಒಂದು ಮಾತೂ ಆಡಿಲ್ಲ. ನೋಡ್ಕೋತೀನಿ ಬಿಡು." ಫೋನು ಜೇಬಿಗಿಳಿಸಿ, ಯುಂಗ್‌ಶುವಿನ ಚೀಲವನ್ನು ಮೊಣಕೈಯಿಂದ ಮೂಲೆಗೆ ನೂಕಿ, ಪೆಟ್ಟಿಗೆಗಳನ್ನು ತುರುಕಿದ.

"ರೀ, ಸ್ವಲ್ಪ ನೋಡಿ ಇಡಿ" ಎಂದ ಯುಂಗ್‌ಶು.

"ನೋಡೇ ಇಟ್ಟಿದ್ದು. ಗೂಡೇನು ನಿಮ್ಮ ಹೆಸರಿಗೆ ಬರ್ಕೊಟ್ಟಿದಾರಾ? ಇಷ್ಟು ಸಣ್ಣ ಚೀಲ, ಕಾಲ ಕೆಳಗೆ ಇಟ್ಕೊಳಿ."

ಗಗನಸಖಿ ಓಡಿಬಂದಳು. "ಸರ್, ನಿಮ್ದು ಚಿಕ್ಕದಿದೆಯಲ್ಲ, ಮುಂದಿನ ಸೀಟಿನ ಕೆಳಗೆ ಇಡಬಹುದಾ? ಇವತ್ತು ಎಲ್ಲರ ಹತ್ರನೂ ಸಾಮಾನು ಜಾಸ್ತಿ."

"ಇಲ್ಲ, ಅದು ಮೇಲೇ ಇರಬೇಕು."

"ಒಡೆಯೋ ವಸ್ತು ಏನಾದ್ರೂ ಇದೆಯಾ ಸರ್?"

"ಮಿಠಾಯಿ" ಎಂದುಬಿಟ್ಟ ಯುಂಗ್‌ಶು.

ಹೇಳಿದ ಕ್ಷಣಕ್ಕೆ ಕಿವಿ ಬಿಸಿಯಾಯಿತು. ಅಪ್ಪನ ಎದುರಿಗೇ ಅಪ್ಪನನ್ನು ಮಿಠಾಯಿ ಎಂದ ಹಾಗಾಯಿತು. ಆದರೆ ಹೊರಡುವ ಮುಂಚೆ ತುಂಬಿದ ವಿಮಾನದಲ್ಲಿ ಸತ್ತವರ ಹೆಸರೆತ್ತುವುದುಂಟೆ? ಯಾರಾದರೂ ಅಪಶಕುನ ಎಂದು ಎದ್ದು ನಿಂತರೆ? ಅಜ್ಜಿ ಮೆಲ್ಲನೆ ಅವನ ಕಡೆ ತಿರುಗಿ, "ಯಾವ ಅಂಗಡೀದಪ್ಪಾ?" ಎಂದಳು. ಬಾಯಿಗೆ ಬಂದ ಅಂಗಡಿಯ ಹೆಸರು ಹೇಳಿದ. "ಅವರು ಕಪ್ಪು ಚೀಲದಲ್ಲಿ ಕೊಡೋದು ಯಾವಾಗಿಂದ?" ಎಂದಳು ಅವಳು. ಅವನು ಬೆಲ್ಟು ಹುಡುಕುವವನ ಹಾಗೆ ಬಗ್ಗಿದ. ಈ ಮುದುಕಿಯೂ ಸಾಮಾನ್ಯದವಳಲ್ಲ ಅನ್ನಿಸಿತು. ಟೋಪಿಯವನು ದಾರಿಯಾಚೆಯ ಸೀಟಿನಲ್ಲಿ ಕೂತು, ಗೂಡಿನ ಮುಚ್ಚಳದ ಮೇಲೊಂದು, ಅವನ ಮೇಲೊಂದು ಕಣ್ಣಿಟ್ಟಿದ್ದ. 'ನನ್ ಕಣ್ಮುಂದೇನೇ ಹತ್ತಿದ.' ಯಾರಿಗೆ ಹೇಳುತ್ತಿದ್ದ? ಅಣ್ಣನಿಗೆ ದ್ವೀಪದಲ್ಲಿ ಗೊತ್ತಿಲ್ಲದವರಿಲ್ಲ. ಮದುವೆ, ಸಾವು, ಗುಡಿಯ ಊಟ ಎಲ್ಲದಕ್ಕೂ ಬಡಿಸಲು ನಿಲ್ಲುವವನು ಅವನೇ. ತಮ್ಮ ಸರಿಯಾಗಿ ಕರೆಯುತ್ತಾನೋ ಇಲ್ಲವೋ ನೋಡಿಕೊಂಡು ಬಾ ಎಂದು ಒಬ್ಬನನ್ನು ಹಿಂದೆ ಹಚ್ಚುವುದು ಅಣ್ಣನಿಗೆ ದೊಡ್ಡ ಮಾತಲ್ಲ. 'ಒಂದು ಮಾತೂ ಆಡಿಲ್ಲ' ಎಂಬ ವರದಿಯೂ ಈಗಾಗಲೇ ಹೋಗಿಯಾಯಿತು.

ವಿಮಾನ ಏರಿತು. ಕೆಳಗೆ ಸಮುದ್ರ ಬಂತು. ನೀರು ಬಂದಾಗ ಕರೆಯಬೇಕು. ಯುಂಗ್‌ಶು ತುಟಿಯಲ್ಲಾಡಿಸಿದ. ಅಜ್ಜಿ ಅವನ ತುಟಿಯನ್ನೇ ನೋಡುತ್ತಿದ್ದಳು. ಆಕಳಿಸಿದ ಹಾಗೆ ಮಾಡಿ ಬಾಯಿ ಮುಚ್ಚಿದ. ಎರಡು ವರ್ಷ ಬೇಡಿದ್ದ ಈ ಬೂದಿಯನ್ನು. ಮನೆಯ ದೊಡ್ಡ ಧೂಪದ ಬಟ್ಟಲಿನಿಂದ ಮೂರು ಚಿಟಿಕೆ ತೆಗೆದುಕೊಟ್ಟರೆ ಕಿರಿಯವನ ಮನೆಯಲ್ಲೂ ಹಿರಿಯರಿಗೆ ಪೀಠವಾಗುತ್ತದೆ, ಹಬ್ಬದ ದಿನ ಅಪ್ಪ ಅಲ್ಲಿಗೂ ಬಂದು ಉಣ್ಣುತ್ತಾನೆ. ಅದಿಲ್ಲದೆ ಯುಂಗ್‌ಶು ಹಬ್ಬಹಬ್ಬಕ್ಕೂ ತೈಪೇಯ ತನ್ನ ಮನೆಯ ಬಾಲ್ಕನಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ, ಒಣಗಲು ಹಾಕಿದ ಒಳಬಟ್ಟೆಗಳ ನಡುವೆ ಊದುಬತ್ತಿ ಹಿಡಿದು ನಿಲ್ಲುತ್ತಿದ್ದ. ಮೇಲಿನ ಮನೆಯವಳು ಹೊಗೆ ಬರುತ್ತದೆ ಎಂದು ಕೂಗುತ್ತಿದ್ದಳು. ಕೇಳಿದಾಗೆಲ್ಲ ಅಣ್ಣ, "ಮಣ್ಣಿಗೇ ಬರದವನಿಗೆ ಬೂದಿ ಯಾಕಪ್ಪಾ" ಎನ್ನುತ್ತಿದ್ದ. ಅಪ್ಪ ಸತ್ತ ವಸಂತದಲ್ಲಿ ಮಂಜು ಬಿದ್ದು ವಿಮಾನಗಳು ಹಾರಿರಲಿಲ್ಲ. ಯುಂಗ್‌ಶು ತೈಪೇಯ ನಿಲ್ದಾಣದ ಕಬ್ಬಿಣದ ಕುರ್ಚಿಯ ಮೇಲೆ ಬೂಟು ಕೂಡ ಬಿಚ್ಚದೆ ರಾತ್ರಿ ಕಳೆದಿದ್ದ. ಅಣ್ಣ ನಂಬಲಿಲ್ಲ. "ಮಂಜೂ ನಿನ್ನ ಮಾತು ಕೇಳತ್ತೆ ಬಿಡು" ಎಂದಿದ್ದ ಎಲ್ಲರ ಮುಂದೆ, ನೆಂಟರು ನಕ್ಕಿದ್ದರು. ಅಂಥವನು ಈ ಹಬ್ಬಕ್ಕೆ ಯುಂಗ್‌ಶು ಕೇಳುವ ಮೊದಲೇ "ಒಯ್ಯಿ, ನಿನಗೂ ಅಪ್ಪನೇ ತಾನೆ" ಎಂದ. ಅಷ್ಟು ಸುಲಭಕ್ಕೆ ಎಂದದ್ದೇ ಯುಂಗ್‌ಶುವಿನ ಅನುಮಾನಕ್ಕೆ ಕಾರಣವಾಯಿತು.

ಬೂದಿ ತೆಗೆಯುವಾಗ ಇಬ್ಬರೂ ಎದುರಿಗಿರಬೇಕು. ಯುಂಗ್‌ಶು ಬಚ್ಚಲಿನಿಂದ ಬರುವಷ್ಟರಲ್ಲಿ ಅಣ್ಣ ಕೆಂಪು ಬಟ್ಟೆಯ ಗಂಟು ಹಿಡಿದು ಹಜಾರದಲ್ಲಿ ನಿಂತಿದ್ದ. "ಒಳ್ಳೇ ಗಳಿಗೆ ದಾಟಿಹೋಗ್ತಿತ್ತು, ನಾನೇ ತೆಗೆದೆ" ಎಂದ. ಗಂಟು ಬೆಚ್ಚಗಿತ್ತು. ಧೂಪದ ಬಟ್ಟಲಿನ ಬೂದಿ ಬೆಚ್ಚಗಿರುವುದು ಸಹಜವೇ. ಬೆಳಿಗ್ಗೆಯಷ್ಟೇ ಊದುಬತ್ತಿ ಹಚ್ಚಿದ್ದರು. ಆದರೆ ಅಡುಗೆಮನೆಯಲ್ಲಿ ಅತ್ತಿಗೆ ಹಬ್ಬದ ಕಡುಬಿಗೆಂದು ಕಟ್ಟಿಗೆ ಒಲೆ ಹಚ್ಚಿದ್ದಳು. ಅವಳು ಕಟ್ಟಿಕೊಂಡಿದ್ದ ಅಡುಗೆ ಬಟ್ಟೆಯ ಅಂಚಿಗೆ ಬೂದಿ ಮೆತ್ತಿತ್ತು. ಯುಂಗ್‌ಶು ಗಂಟನ್ನೂ ಆ ಅಂಚನ್ನೂ ನೋಡಿದ್ದನ್ನು ಅವಳು ನೋಡಿದಳು. ನೋಡಿ ಒಳಗೆ ಹೋದಳು. ಯಾಕೆ ಹೋದಳು? ಬಿಚ್ಚಿ ನೋಡೋಣವೆಂದರೆ ಬೂದಿಗೆ ಬೂದಿ ಒಂದೇ ಥರ. ಹಾಗಾದರೆ ಇಷ್ಟು ದೂರ ತಾನು ಎದೆಗವಚಿಕೊಂಡು ಬಂದದ್ದು ಕಡುಬು ಬೇಯಿಸಿದ ಸೌದೆಯನ್ನೋ? ತೈಪೇಯಲ್ಲಿ ಹೆಂಡತಿ ಸುಚಿನ್ ಪೀಠಕ್ಕೆ ಹೊಸ ಮೇಜು ತರಿಸಿ, ಅಪ್ಪನಿಗೆ ಇಷ್ಟವಾದ ಕಡಲ ಸಿಂಪಿಯ ಗಂಜಿ ಮಾಡಿಟ್ಟು ಕಾಯುತ್ತಿರುತ್ತಾಳೆ. ಬಂದವನು ಅಪ್ಪನಾಗಿರದಿದ್ದರೆ ಆ ಗಂಜಿಯನ್ನು ಯಾರ ಮುಂದೆ ಇಡುವುದು? ಇದನ್ನು ಕೇಳಲು ಅಣ್ಣನಿಗೆ ಫೋನು ಮಾಡುವಂತಿಲ್ಲ. ಕೇಳಿದರೆ ಅವನು ನಗುತ್ತಾನೆ, ಆ ನಗುವಿನಿಂದಲೂ ಏನೂ ತಿಳಿಯುವುದಿಲ್ಲ.

ಬೆಲ್ಟಿನ ದೀಪ ಆರಿದ್ದೇ ಯುಂಗ್‌ಶು ಎದ್ದು ಗೂಡು ತೆರೆದ. ಮೂಲೆಯಲ್ಲಿ, ಪೆಟ್ಟಿಗೆಗಳ ಒತ್ತಿಗೆ ಕಪ್ಪು ಚೀಲ ಅಡ್ಡಬಿದ್ದಿತ್ತು. ಕೈ ತೂರಿಸಿ ನೆಟ್ಟಗೆ ಮಾಡಿ ಕೂತ. ಮತ್ತೆ ಮನಸ್ಸು ತಡೆಯದೆ ಎದ್ದ. ಮೂರನೆಯ ಸಲ ಎದ್ದಾಗ ಟೋಪಿಯವನು, "ಏನ್ರೀ, ನನ್ ಬಾಟಲಿ ಎಣಿಸ್ತಿದೀರಾ?" ಎಂದು ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಕೇಳಿದ.

"ನನ್ನ ಚೀಲ ನೋಡ್ತಿದೀನಿ."

"ಮಿಠಾಯಿನ ಅಷ್ಟು ಸಲ ಯಾರು ನೋಡ್ತಾರೆ? ವಿಮಾನದಲ್ಲಿ ಹೀಗೇ ಎದ್ದು ಕೂತು ಮಾಡಿ ಬೇರೆಯವರ ಬ್ಯಾಗಿಗೆ ಕೈಹಾಕೋರಿದಾರೆ. ಪೇಪರ್ನಲ್ಲಿ ಬಂದಿತ್ತು."

ಒಂದಿಬ್ಬರು ಕತ್ತು ಎತ್ತಿ ನೋಡಿದರು. ಮುಂದಿನವಳೊಬ್ಬಳು ತನ್ನ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಯುಂಗ್‌ಶು ಕೂತ. ಶಾಲೆಯಲ್ಲಿ ಯಾರದೋ ಪೆನ್ಸಿಲ್ ಕಳೆದಾಗ ಮೇಷ್ಟ್ರು ಎಲ್ಲರ ಜೇಬು ಬಿಟ್ಟು ಅವನ ಜೇಬಿಗೆ ಮಾತ್ರ ಕೈಹಾಕಿದ್ದರು. ಆಗಲೂ ಜೇಬಿನಲ್ಲಿ ಏನೂ ಇರಲಿಲ್ಲ, ಆದರೂ ಅಳು ಬಂದು ಕಳ್ಳನ ಮುಖವೇ ಆಗಿತ್ತು. ಈಗಲೂ ಅದೇ ಮುಖ ಹೊತ್ತು ಕೂತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಮೂಗಿಗೆ ಘಾಟು ಬಡಿಯಿತು. ಗೂಡಿನ ಅಂಚಿನಿಂದ ಸಾರಾಯಿಯ ಒಂದು ಹನಿ ಅವನ ಮೊಣಕಾಲಿನ ಮೇಲೆ ಬಿತ್ತು.

"ಒಡೆದೇಬಿಟ್ಯಲ್ಲಯ್ಯಾ!" ಟೋಪಿಯವನು ಎದ್ದು ನಿಂತ. ಗಗನಸಖಿ ಕಾಗದದ ಕರವಸ್ತ್ರದ ಕಟ್ಟು ಹಿಡಿದು ಬಂದು ಒಂದೊಂದೇ ಸಾಮಾನು ಇಳಿಸತೊಡಗಿದಳು. ಒಂದು ಬಾಟಲಿಯ ಮುಚ್ಚಳ ಸಡಿಲಾಗಿತ್ತು, ಅಷ್ಟೆ. ಕಪ್ಪು ಚೀಲದ ಮೇಲ್ಭಾಗ ನೆಂದಿತ್ತು. "ಸರ್, ಒಳಗಿನ ಮಿಠಾಯಿ ನೆಂದಿದೆಯೇನೋ, ತೆಗೆದು ಒರೆಸಿಕೊಡ್ತೀನಿ" ಎಂದು ಅವಳು ಚೀಲದ ಬಾಯಿಗೆ ಕೈಹಾಕಿದಳು. ಯುಂಗ್‌ಶು ಅವಳ ಮಣಿಕಟ್ಟು ಹಿಡಿದುಕೊಂಡುಬಿಟ್ಟ. ಅವಳು ಸಣ್ಣಗೆ ಚೀರಿದಳು. ಟೋಪಿಯವನು ಅವನ ಭುಜ ಹಿಡಿದ. ಇಡೀ ವಿಮಾನ ಇತ್ತ ತಿರುಗಿತು.

"ಏನಿದೆ ಅದ್ರಲ್ಲಿ? ಈಗ ಹೇಳು!"

"ನಮ್ಮಪ್ಪ" ಎಂದ ಯುಂಗ್‌ಶು.

ಯಾರೂ ನಗಲಿಲ್ಲ. ಚೀಲದ ಬಾಯಲ್ಲಿ ಕೆಂಪು ಬಟ್ಟೆಯ ಗಂಟು ಕಾಣುತ್ತಿತ್ತು. ಟೋಪಿಯವನ ಕೈ ಭುಜದಿಂದ ಜಾರಿತು. ಅದೇ ಕೈ ಮೇಲೇರಿ ಟೋಪಿ ತೆಗೆಯಿತು. "ಅಯ್ಯೋ, ಮೊದಲೇ ಹೇಳಬಾರದಾ ಮಾರಾಯ" ಎಂದು ಪಿಸುಗುಟ್ಟಿ, ತನ್ನ ಎರಡೂ ಪೆಟ್ಟಿಗೆಗಳನ್ನು ಎಳೆದುಕೊಂಡು ಕಾಲಸಂದಿಯಲ್ಲಿಟ್ಟುಕೊಂಡ. ಗಗನಸಖಿ ಗೂಡನ್ನು ಮೂಲೆಮೂಲೆ ಒರೆಸಿ, ಒಂದು ಹೊಸ ಕಂಬಳಿ ಮಡಿಸಿ ಹಾಸಿ, ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ನಡುವೆ ಇಟ್ಟು ತಲೆಬಾಗಿದಳು. ಹಿಂದಿನ ಸಾಲಿನವರು ಎದ್ದು ಪಕ್ಕದ ಗೂಡಿನಿಂದ ತಮ್ಮ ಬೂಟಿನ ಡಬ್ಬಿ ತೆಗೆದರು. ಯಾರೂ ಕೇಳಿರಲಿಲ್ಲ.

"ನಿಮ್ಮಪ್ಪ ತಗೋತಿದ್ರಾ?" ಟೋಪಿಯವನು ಬಾಗಿ ಕೇಳಿದ.

"ತಗೋತಿದ್ದ."

"ಹಂಗಾದ್ರೆ ನಾಕು ಹನಿ ಬಿದ್ದಿದ್ದು ಬೇಜಾರಿಲ್ಲ ಬಿಡಿ. ಹಳೇ ಮಾಲು, ಒಳ್ಳೇದು." ಆಮೇಲೆ, ಮುಂದೆ ಮುನಿಸಿಕೊಂಡು ಕೂತ ತನ್ನ ಬಾವಮೈದನನ್ನು ಗಲ್ಲ ಎತ್ತಿ ತೋರಿಸಿ, ಅವನ ಮೇಲೆ ಕಣ್ಣಿಡಲು ಹೆಂಡತಿ ಫೋನು ಮಾಡುತ್ತಲೇ ಇರುತ್ತಾಳೆ ಎಂದು ಗೊಣಗಿದ. ಅಣ್ಣನ ಕಡೆಯವನಲ್ಲ. ಅದು ತಿಳಿದು ಯುಂಗ್‌ಶುಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಇಷ್ಟು ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು, ಮಗುವೊಂದು ಅತ್ತರೆ ತಾಯಿ ಅದರ ಬಾಯಿಗೆ ಕೈ ಒಡ್ಡುತ್ತಿದ್ದಳು, ಎಲ್ಲವೂ ಆ ಬಟ್ಟಲಿಗಾಗಿ. ಇಡೀ ವಿಮಾನದಲ್ಲಿ ಅದರೊಳಗೆ ಅಪ್ಪ ಇದ್ದಾನೆ ಎಂದು ನಂಬದವನು ಮಗ ಒಬ್ಬನೇ. ಒಲೆಯ ಬೂದಿಗೆ ಊರೆಲ್ಲ ತಲೆಬಾಗುವಂತೆ ಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಹಾಗೆ ಅಂದುಕೊಂಡದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಅಜ್ಜಿ ಅವನ ಮೊಣಕೈ ಮುಟ್ಟಿದಳು. "ಹತ್ತುವಾಗ ಕರೆದ್ಯಾ ಮಗಾ?"

"ಕರೆದೆ."

"ನಿನ್ನ ಮುಂದೇನೇ ಮೆಟ್ಟಿಲು ಹತ್ತಿದ್ದು ನಾನು. ನನಗೆ ಕೇಳ್ಲಿಲ್ಲಪ್ಪಾ."

"ಮನಸ್ಸಲ್ಲಿ ಕರೆದೆ."

"ಅಯ್ಯೋ" ಎಂದಳು ಅಜ್ಜಿ. ಬೈಯಲಿಲ್ಲ. ಕಿಟಕಿಯ ಹೊರಗೆ ನೋಡಿದಳು. ಅಲ್ಲಿ ಬಿಳಿ ಮೋಡ ಬಿಟ್ಟರೆ ಏನೂ ಇರಲಿಲ್ಲ. ಅವಳು ಮಾತ್ರ ಯಾರನ್ನೋ ಹುಡುಕುವಂತೆ ಬಹಳ ಹೊತ್ತು ನೋಡಿದಳು. ಆಮೇಲೆ ಅವನಿಗೆ ಕೇಳಿಸದಷ್ಟು ಮೆಲ್ಲಗೆ, ಗಾಜಿಗೆ ಬಾಯಿ ಹಚ್ಚಿ, ಏನೋ ಹೇಳಿದಳು.

ತೈಪೇಯಲ್ಲಿ ಚಕ್ರ ನೆಲಕ್ಕೆ ತಾಗುತ್ತಿದ್ದಂತೆ ಜನ ಎದ್ದು ಗೂಡುಗಳಿಗೆ ಮುಗಿಬೀಳುವುದು, ಒಬ್ಬರ ತಲೆಗೆ ಒಬ್ಬರ ಪೆಟ್ಟಿಗೆ ತಾಗಿಸುವುದು, ಗಗನಸಖಿಯರು ಕೂತ್ಕೊಳಿ ಕೂತ್ಕೊಳಿ ಎನ್ನುವುದು ನಿತ್ಯದ ಪಾಡು. ಆವತ್ತು ವಿಮಾನ ನಿಂತು, ದೀಪ ಆರಿ, ಬಾಗಿಲು ತೆರೆದರೂ ಯಾರೂ ಏಳಲಿಲ್ಲ. ಬೆಲ್ಟು ಬಿಚ್ಚಿದ ಸದ್ದು ಕೇಳಿತು, ಅಷ್ಟೆ. ಹಿಂಬಾಗಿಲ ತನಕ ನಡುದಾರಿ ಖಾಲಿ. ಹಿರಿಯರು ಮೊದಲು ಇಳಿಯಲಿ ಎಂದು ಅವರೆಲ್ಲ ಕಾಯುತ್ತಿದ್ದಾರೆಂದು ಯುಂಗ್‌ಶುಗೆ ತಡವಾಗಿ ಹೊಳೆಯಿತು. ಎದ್ದು ಚೀಲ ಇಳಿಸಿಕೊಂಡ. ಟೋಪಿಯವನು ಟೋಪಿಯನ್ನು ಎದೆಗೆ ಹಿಡಿದು ನೋಡುತ್ತಿದ್ದ. ಒಂದು ಮಾತು. 'ಅಪ್ಪಾ, ಬಂತು, ಇಳಿ.' ಮಗುವೂ ಹೇಳುವ ಮಾತು. ಯುಂಗ್‌ಶು ಬಾಯಿ ತೆರೆದ. ಅತ್ತಿಗೆಯ ಬಟ್ಟೆಯ ಅಂಚು ಕಣ್ಣಮುಂದೆ ಬಂತು. ಬೂದಿ ಸುಳ್ಳಾಗಿದ್ದರೆ ಇಷ್ಟು ಜನರ ಎದುರು ತಾನು ಸೌದೆಯನ್ನು ಅಪ್ಪಾ ಎಂದ ಹಾಗಾಗುತ್ತದೆ, ಆ ಸುದ್ದಿ ಅಣ್ಣನಿಗೆ ಮುಟ್ಟುತ್ತದೆ, ಅಣ್ಣ ನಗುತ್ತಾನೆ. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ.

ಆಗ ಅಜ್ಜಿ ಎದ್ದಳು. ಶಾವಿಗೆ ಡಬ್ಬಿ ಕಂಕುಳಲ್ಲಿ ಇರುಕಿಕೊಂಡು, ಅವನನ್ನು ದಾಟಿ ದಾರಿಗೆ ಬಂದು, ದ್ವೀಪದ ಮಾತಿನಲ್ಲಿ, ಹೊಲದ ಆಚೆಯವರನ್ನು ಕರೆಯುವ ದನಿಯಲ್ಲಿ ಕೂಗಿದಳು: "ಹಿರಿಯರೇ! ತೈಪೇ ಬಂತು ನೋಡಿ. ಮೆಟ್ಟಿಲು ಕಡಿದಾಗಿದೆ, ನಿಧಾನ. ನನ್ ಹಿಂದೇನೇ ಬನ್ನಿ." ಹಾಗೆಂದು ನಡೆದಳು. ಯುಂಗ್‌ಶು ಹೆಜ್ಜೆ ಕೀಳುವ ಮೊದಲು ತಡೆದ. ಅವಳಿಗೂ ಅವನಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ ತಾನಾಗಿ ಉಳಿಯಿತು.

ನಿಲ್ದಾಣದ ಕಟ್ಟಡಕ್ಕೆ ಒಯ್ಯುವ ಬಸ್ಸಿನಲ್ಲಿ ಅಜ್ಜಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಅವಳ ಪಕ್ಕದ ಸೀಟೂ ಖಾಲಿಯಾಯಿತು. ಅಷ್ಟು ನೂಕುನುಗ್ಗಲಿನಲ್ಲೂ ಅದರಲ್ಲಿ ಯಾರೂ ಕೂರಲಿಲ್ಲ, ಯುಂಗ್‌ಶುವನ್ನು ಯಾರೂ ಕರೆಯಲಿಲ್ಲ. ಅಜ್ಜಿಯ ಕೈ ಆ ಸೀಟಿನ ಮೇಲಿತ್ತು. ಕಂಬ ಹಿಡಿದು ನಿಂತ ಯುಂಗ್‌ಶುಗೆ ಕೈಯಲ್ಲಿದ್ದ ಚೀಲ ಗೂಡಿನಿಂದ ಇಳಿಸಿದಾಗಿದ್ದುದಕ್ಕಿಂತ ಹಗುರವಾದಂತೆ ಕಂಡಿತು. ಸಾರಾಯಿ ಆರಿದ್ದಕ್ಕೆ ಇರಬಹುದು. ಕರೆದವರ ಹಿಂದೆ ಬರುತ್ತಾರೆ. ಈ ಮುದುಕಿ ಕರೆದದ್ದು ಕರುಣೆಯಿಂದಲೋ? ಗಾಜಿಗೆ ಬಾಯಿ ಹಚ್ಚಿ ಏನು ಹೇಳಿದಳು? ಅವಳ ಮನೆಯಲ್ಲಿ ಯಾವ ಪೀಠ ಬರಿದಾಗಿದೆಯೋ, ಯಾರ ಬರವಿಗೆ ಕಾದಿದ್ದಾಳೋ, ಯಾರಿಗೆ ಗೊತ್ತು. ಅಪ್ಪನೂ ಅಂಥವನೇ. ದನಿಯೆತ್ತಿ ಕರೆದವರ ಮನೆಗೆ ಊಟಕ್ಕೆ ಹೋಗುತ್ತಿದ್ದ, ಮೆಲ್ಲಗೆ ಕರೆದವರನ್ನು ಕರೆದೇ ಇಲ್ಲವೆನ್ನುತ್ತಿದ್ದ.

ಹೊರಬಾಗಿಲಲ್ಲಿ ಜನ ಚದುರಿದರು. ಟೋಪಿಯವನು ಕೈಮುಗಿದು ಬಾವಮೈದನ ಹಿಂದೆ ಹೋದ. ಸುಚಿನ್ ಫೋನು ಮಾಡುತ್ತಿದ್ದಳು. ಜೇಬು ನಡುಗುತ್ತಲೇ ಇತ್ತು. ರಸ್ತೆಯಂಚಿನಲ್ಲಿ ಅಜ್ಜಿಯ ಮಗಳ ಕಾರು ಬಂದು ನಿಂತಿತು. ಅಜ್ಜಿ ಹಿಂದಿನ ಬಾಗಿಲು ತೆರೆದಳು. ಡಬ್ಬಿ ಒಳಗಿಟ್ಟಳು. ತಾನು ಹತ್ತಲಿಲ್ಲ. ಬಾಗಿಲು ಹಿಡಿದು, ಪಕ್ಕಕ್ಕೆ ಸರಿದು ನಿಂತಳು.

ಯಾರಿಗೆ ದಾರಿ ಬಿಡುತ್ತಿದ್ದಾಳೆ?

ಯುಂಗ್‌ಶು ಓಡಿದ. ಸಾಮಾನಿನ ಗಾಡಿಯೊಂದಕ್ಕೆ ಮೊಣಕಾಲು ಬಡಿಯಿತು, ಯಾರೋ ಬೈದರು, ಚೀಲವನ್ನು ಎದೆಗೆ ಒತ್ತಿಕೊಂಡೇ ಓಡಿದ. ಒಲೆಯ ಬೂದಿಗಾಗಿ ಯಾರೂ ಹೀಗೆ ಓಡುವುದಿಲ್ಲ ಎಂದು ಓಡುತ್ತಲೇ ತಿಳಿಯಿತು, ತಿಳಿದು ಅಳು ಬಂತು. "ಅಪ್ಪಾ!" ಎಂದು ಕೂಗಿದ. ದನಿ ಒಡೆದಿತ್ತು, ಟ್ಯಾಕ್ಸಿಯವರೆಲ್ಲ ತಿರುಗಿದರು. "ಅಪ್ಪಾ, ಆ ಕಡೆ ಅಲ್ಲ! ಈ ಕಡೆ! ಇಲ್ಲಿದೀನಿ ಕಣೋ ಅಪ್ಪಾ, ನಾನು, ಯುಂಗ್‌ಶು!"

ಅಜ್ಜಿ ಅವನನ್ನು ನೋಡಿದಳು. ನಗಲಿಲ್ಲ, ತಲೆಯಾಡಿಸಲೂ ಇಲ್ಲ. ಬಾಗಿಲನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ತೆರೆದು ಹಿಡಿದಿದ್ದಳು, ಇಳಿಯುವವರಿಗೋ, ಹತ್ತುವವರಿಗೋ. ಆಮೇಲೆ ಒಳಗೆ ಕೂತು ಮುಚ್ಚಿಕೊಂಡಳು. ಕಾರು ಹೋಯಿತು. ಯುಂಗ್‌ಶು ರಸ್ತೆಯಂಚಿನಲ್ಲಿ ನಿಂತು, ಒಂದು ಹೆಜ್ಜೆ ಬಲಕ್ಕೆ ಸರಿದು, ಅಪ್ಪನ ಕೇಳುವ ಕಿವಿ ತನ್ನ ಕಡೆಗಿರುವಂತೆ ತನ್ನ ಎಡಕ್ಕೆ ಜಾಗ ಬಿಟ್ಟು, ಮತ್ತೆ ಕರೆದ.